ಖಿನ್ನತೆಗೆ ಚೀನಾದ ಬೇರು: ಮಾತ್ರೆಯ ಜೊತೆಗೆ ಬೇಡ

ಪ್ರಶ್ನೆ: ಖಿನ್ನತೆಗೆಂದು ಎಂಟು ತಿಂಗಳಿಂದ ರಾತ್ರಿ ಅಮಿಟ್ರಿಪ್ಟಿಲಿನ್ 50 ಮಿ.ಗ್ರಾಂ. ನುಂಗುತ್ತಿದ್ದೇನೆ. ಚೀನೀ ವೈದ್ಯದ ಹುವಾಂಗ್‌ಲಿಯಾನ್ ಬೇರಿನಲ್ಲಿರುವ ಬರ್ಬೆರಿನ್ ಕೂಡ ಖಿನ್ನತೆ ಕಳೆಯುತ್ತದಂತೆ. ಮಾತ್ರೆಯ ಜೊತೆಗೆ ಅದರ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಬರ್ಬೆರಿನ್ ಹಳದಿ ಬಣ್ಣದ ಕಡುಕಹಿ ವಸ್ತು. ನಮ್ಮ ಮರದರಿಶಿನದಲ್ಲೂ ಇದೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಮೆದುಳಿನ ರಾಸಾಯನಿಕಗಳಾದ ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಒಡೆಯುವ ಮೊನೊಅಮೈನ್ ಆಕ್ಸಿಡೇಸ್-ಎ ಕಿಣ್ವವನ್ನು ಪ್ರಯೋಗಾಲಯದಲ್ಲಿ ಇದು ತಕ್ಕಮಟ್ಟಿಗೆ ತಡೆಯುತ್ತದೆ. ಇಲಿಗಳ ಮೆದುಳಿನಲ್ಲಿ ಈ ರಾಸಾಯನಿಕಗಳು ಹೆಚ್ಚಿದ್ದೂ ಕಂಡಿದೆ. ಈಜು ಪರೀಕ್ಷೆಯಲ್ಲೂ ಫಲ ಸಿಕ್ಕಿದೆ. ಇಲಿಯನ್ನು ನೀರಿನ ಗಾಜಿನ ಪಾತ್ರೆಯಲ್ಲಿ 6 ನಿಮಿಷ ಬಿಟ್ಟು, ಕೊನೆಯ 4 ನಿಮಿಷಗಳಲ್ಲಿ ಎಷ್ಟು ಹೊತ್ತು ಕೈಕಾಲು ಆಡಿಸದೆ ತೇಲಿತೆಂದು ಲೆಕ್ಕ ಹಾಕುವ ಪರೀಕ್ಷೆಯದು. ಕಡಿಮೆ ತೇಲಿದರೆ ಔಷಧಿ ಗೆದ್ದಂತೆ. ಮನುಷ್ಯರ ಖಿನ್ನತೆಗೆ ಇದು ಬಲು ದೂರದ ನೆಂಟ! ಮೇಲಾಗಿ ಇಂಥ ಹಲವು ಪ್ರಯೋಗಗಳಲ್ಲಿ ಬರ್ಬೆರಿನ್ ಕೊಟ್ಟದ್ದು ಹೊಟ್ಟೆಗೆ ಸೂಜಿ ಚುಚ್ಚಿ. ಬಾಯಿಂದ ನುಂಗಿದರೆ ನೂರಕ್ಕೆ ಒಂದು ಪಾಲೂ ರಕ್ತ ಸೇರುವುದಿಲ್ಲ. ಕರುಳಿನ ಪಿ-ಗ್ಲೈಕೊಪ್ರೊಟೀನ್ ಎಂಬ ಪಂಪು ಒಳಬಂದದ್ದನ್ನು ಮತ್ತೆ ಹೊರದಬ್ಬುತ್ತದೆ.

ಇಷ್ಟು ಕಡಿಮೆ ಸೇರುವುದರಿಂದ ಅಪಾಯವಿಲ್ಲ ಎಂದುಕೊಂಡರೆ ಎಡವುತ್ತೀರಿ. ಹಲವು ಔಷಧಿಗಳನ್ನು ಒಡೆಯುವ, ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. 2012ರ ಅಧ್ಯಯನವೊಂದರಲ್ಲಿ 17 ಮಂದಿ ಆರೋಗ್ಯವಂತ ಗಂಡಸರು 300 ಮಿ.ಗ್ರಾಂ. ಬರ್ಬೆರಿನನ್ನು ದಿನಕ್ಕೆ ಮೂರು ಬಾರಿ ಎರಡು ವಾರ ತೆಗೆದುಕೊಂಡರು. ಈ ಕಿಣ್ವದ ಕೆಲಸ ಅಳೆಯಲು ಕೊಟ್ಟ ಕೆಮ್ಮಿನ ಔಷಧಿ ಡೆಕ್ಸ್ಟ್ರೊಮೆಥಾರ್ಫನ್‌ನಲ್ಲಿ, ಒಡೆದದ್ದಕ್ಕೆ ಹೋಲಿಸಿದರೆ ಒಡೆಯದೆ ಉಳಿದದ್ದರ ಅನುಪಾತ ಒಂಬತ್ತು ಪಟ್ಟಾಯಿತು. ಅಮಿಟ್ರಿಪ್ಟಿಲಿನ್ ಒಂದಷ್ಟು, ದೇಹದಲ್ಲಿ ಅದರಿಂದ ಹುಟ್ಟುವ ನಾರ್‌ಟ್ರಿಪ್ಟಿಲಿನ್ ಹೆಚ್ಚಾಗಿ ಒಡೆಯುವುದೂ ಇದೇ ಕಿಣ್ವದಿಂದ. ನೀವು ನುಂಗುವುದು 50 ಮಿ.ಗ್ರಾಂ. ಆದರೂ ರಕ್ತದಲ್ಲಿ ಅದಕ್ಕಿಂತ ದೊಡ್ಡ ಡೋಸಿನಷ್ಟು ನಿಲ್ಲಬಹುದು. ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತಾಗ ತಲೆಸುತ್ತು, ಮೂತ್ರ ಕಟ್ಟುವುದು ಇದರ ಲಕ್ಷಣಗಳು. ಎದೆಬಡಿತ ತಾಳ ತಪ್ಪಿದರೆ ಮಾತ್ರ ಕಾಯಬೇಡಿ, ಅಂದೇ ಇಸಿಜಿ ಆಗಲಿ.

ಈಗಾಗಲೇ ಶುರು ಮಾಡಿದ್ದರೆ ಕ್ಯಾಪ್ಸೂಲ್ ನಿಲ್ಲಿಸಿ, ಡಬ್ಬಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ. ಅಮಿಟ್ರಿಪ್ಟಿಲಿನನ್ನು ನೀವಾಗಿಯೇ ಥಟ್ಟನೆ ಬಿಡಬೇಡಿ. ವಾಕರಿಕೆ, ತಲೆನೋವು, ನಿದ್ರೆಗೇಡು ಹತ್ತಿಕೊಳ್ಳುತ್ತವೆ.

ಅಂದಹಾಗೆ, ಚೀನಾದಲ್ಲಿ ಜನ ಬರ್ಬೆರಿನ್ ಮಾತ್ರೆ ಕೊಳ್ಳುವುದು ಹೆಚ್ಚಾಗಿ ಭೇದಿಗೆ. ಖಿನ್ನತೆಗೆ ಅಲ್ಲಿಯ ಸಾಂಪ್ರದಾಯಿಕ ವೈದ್ಯರು ಸಾಮಾನ್ಯವಾಗಿ ಕೊಡುವುದು ಎಂಟು ಮೂಲಿಕೆಗಳ ಶಿಯಾವ್‌ಯಾವ್ ಸಾನ್. ಅದಾದರೂ ಆಗಲಿ ಎನ್ನುವಂತಿಲ್ಲ. ಅದರಲ್ಲಿ ಜ್ಯೇಷ್ಠಮಧುವಿದೆ, ಬಹಳ ದಿನ ಹೆಚ್ಚು ತೆಗೆದುಕೊಂಡರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಅಮಿಟ್ರಿಪ್ಟಿಲಿನ್ ನುಂಗುವವರ ಹೃದಯಕ್ಕೆ ಅದೂ ಕಷ್ಟವೇ.