ಕಾವೇರಮ್ಮನ ಮೇಲಿರುವುದು ಪ್ರೀತಿಯಾ, ಭಕ್ತಿಯಾ?

ಪ್ರಶ್ನೆ: ತಲಕಾವೇರಿಗೆ ಹೋದಾಗಲೆಲ್ಲ ನನಗೆ ತವರಿಗೆ ಹೋದ ಹಾಗಾಗುತ್ತದೆ. ಆದರೆ ವ್ರತ, ಪೂಜೆ ಅಂದರೆ ಮನಸ್ಸು ನಿಲ್ಲುವುದಿಲ್ಲ. 'ನಿನ್ನದು ಬರೀ ಪ್ರೀತಿ, ಭಕ್ತಿ ಅಲ್ಲ' ಅನ್ನುತ್ತಾರೆ ನಮ್ಮತ್ತೆ. ಎರಡಕ್ಕೂ ಏನು ವ್ಯತ್ಯಾಸ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಆ 'ಬರೀ' ಅನ್ನುವ ಪದ ನನಗೆ ಒಪ್ಪಿಗೆಯಿಲ್ಲ. ನಾರದ ಭಕ್ತಿಸೂತ್ರ ಭಕ್ತಿ ಅಂದರೇನು ಅಂತ ಹೇಳುವಾಗ 'ಪರಮಪ್ರೇಮ' ಅನ್ನುವ ಮಾತನ್ನೇ ಬಳಸುತ್ತದೆ. 12ನೇ ಶತಮಾನದ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡ ಅಂತಲೇ ಕರೆದಳು.

ನಮ್ಮ ಕೊಡಗಿನ ಕಣಿ ಪೂಜೆಯನ್ನೇ ನೋಡಿ. ಅಕ್ಟೋಬರ್‌ನ ಕಾವೇರಿ ಸಂಕ್ರಮಣಕ್ಕೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂ ಮುಡಿಸಿ, ಪತ್ತಾಕ್ (ಕೊಡವ ಹೆಂಗಸರ ಪದಕದ ಸರ) ಹಾಕಿ, ಮುಂದೆ ಬಳೆ ಇಟ್ಟು ಕಾವೇರಮ್ಮ ಅಂತ ಕೂರಿಸುತ್ತೇವೆ. ಮದುವೆಗೆ ಮಗಳನ್ನು ಸಿಂಗರಿಸುವ ಹಾಗೇ, ಅಲ್ವಾ? ಅಲ್ಲಿವರೆಗೆ ಪ್ರೀತಿ. ಆಮೇಲೆ ಮನೆಯ ಹಿರಿಯರೂ ಬಂದು ಅದೇ ಸೌತೆಕಾಯಿಗೆ ಅಕ್ಕಿ ಹಾಕಿ ಅಡ್ಡಬೀಳುತ್ತಾರಲ್ಲ, ಅಲ್ಲಿ ಏನೋ ಬದಲಾಗುತ್ತದೆ.

ಪ್ರೀತಿಯಲ್ಲಿ ಒಂದು ಹಕ್ಕಿರುತ್ತದೆ. ಫೋನ್ ಮಾಡಲಿಲ್ಲ ಅಂತ ಮುನಿಸಿಕೊಳ್ಳುತ್ತೇವೆ, ನಾನು ಇಷ್ಟು ಮಾಡಿದೆ ನೀನೇನು ಮಾಡಿದೆ ಅಂತ ಕೇಳುತ್ತೇವೆ. ತಪ್ಪೇನಲ್ಲ. ಭಕ್ತಿಯಲ್ಲಿ ಆ ಹಕ್ಕನ್ನು ನಾವಾಗಿಯೇ ಕೆಳಗಿಡುತ್ತೇವೆ.

ಇದು ನನಗೆ ಗೊತ್ತಾಗಿದ್ದು 2020ರಲ್ಲಿ. ಆ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬ್ರಹ್ಮಗಿರಿ ಬೆಟ್ಟ ಕುಸಿದು, ಕಾವೇರಮ್ಮನನ್ನು ಪೂಜಿಸುತ್ತಿದ್ದ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಮಳೆ, ಬೆಟ್ಟ, ಹೊಳೆ ಎಲ್ಲದರ ಮೇಲೂ ನನಗೆ ಸಿಟ್ಟು ಬಂದಿತ್ತು, ಅವಳ ಮೇಲಂತೂ ಜಾಸ್ತಿ. ಅಕ್ಟೋಬರ್‌ನಲ್ಲಿ ಸಂಕ್ರಮಣ ಬಂತು, ತಲಕಾವೇರಿಯಲ್ಲಿ ತೀರ್ಥ ಉಕ್ಕುವ ತೀರ್ಥೋದ್ಭವ ಆಯಿತು. ಮನೆಯಲ್ಲಿ ಸೌತೆಕಾಯಿಗೆ ರೇಷ್ಮೆ ಸುತ್ತಲು ಕೂತರೆ ಕೈ ಏಳಲಿಲ್ಲ, ಸಿಟ್ಟು ಇನ್ನೂ ಹಾಗೇ ಇತ್ತು. ಆದರೂ ಸುತ್ತಿದೆ. ಅಕ್ಕಿ ಹಾಕಿದೆ, ಬಗ್ಗಿದೆ, ಬಗ್ಗಿದಾಗ ಅಳು ಬಂತು. ಪ್ರೀತಿ ಒಂದೇ ಇದ್ದಿದ್ದರೆ ಆ ವರ್ಷ ಮುನಿಸಿಕೊಂಡು ಸುಮ್ನೆ ಇದ್ದುಬಿಡುತ್ತಿದ್ದೆ ಅನಿಸುತ್ತದೆ.

ನಿಮಗೆ ವ್ರತ ಬರದಿದ್ದರೆ ಬೇಡ ಬಿಡಿ. ತಲಕಾವೇರಿಯನ್ನು ತವರು ಅಂದಿರಲ್ಲ, ಅದು ಸಣ್ಣ ಮಾತಲ್ಲ. ಈ ಸಲ ಸಂಕ್ರಮಣಕ್ಕೆ ಅತ್ತೆಯವರ ಜೊತೆ ಕೂತು ನೀವೇ ರೇಷ್ಮೆ ಸುತ್ತಿ. ಅಕ್ಕಿ ಹಾಕುವಾಗ ಮನಸ್ಸಿಗೆ ಏನೂ ಅನಿಸದಿದ್ದರೂ ಪರವಾಗಿಲ್ಲ, ಹಾಕಿ. ಆಮೇಲೆ ದೋಸೆ, ಕುಂಬಳಕಾಯಿ ಕರಿ ತಿನ್ನುವಾಗ ಮೆಲ್ಲಗೆ ಕೇಳಿ ನೋಡಿ, ಅವರಿಗೂ ಕಾವೇರಮ್ಮನ ಮೇಲೆ ಯಾವತ್ತಾದರೂ ಸಿಟ್ಟು ಬಂದಿತ್ತಾ ಅಂತ.