ಅಡಿಯಾಬೀನ್ ಅರಸುಮನೆಯ ಮತಾಂತರದ ಕುರಿತು

ಪ್ರಾಚೀನ ಇರಾನಿನ ಪಾರ್ಥಿಯನ್ ಸಾಮ್ರಾಜ್ಯದ ಸಾಮಂತ ರಾಜ್ಯವಾಗಿದ್ದ, ಇಂದಿನ ಉತ್ತರ ಇರಾಕಿನಲ್ಲಿದ್ದ ಅಡಿಯಾಬೀನ್‌ನ ಕ್ರಿ.ಶ. ಮೊದಲ ಶತಮಾನದ ದೊರೆ ಇಜಾಟೀಸನು ಯೆಹೂದಿ ಧರ್ಮವನ್ನು ಸ್ವೀಕರಿಸಿದ್ದು ರಾಜಕೀಯ ಲಾಭಕ್ಕಾಗಿಯೇ ಎಂದು ತಾವು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನು ಹೇಳುವಂತೆ, ಯೆಹೂದಿ ಧರ್ಮಶಾಸ್ತ್ರವು ಗಂಡಸರಿಗೆ ವಿಧಿಸುವ ಸುನ್ನತಿಯನ್ನು ಅರಸನು ಮಾಡಿಸಿಕೊಂಡರೆ ಪ್ರಜೆಗಳು ತಿರುಗಿಬೀಳುವರೆಂದು, ತಾನೇ ಆ ಧರ್ಮವನ್ನು ಒಪ್ಪಿದ್ದ ತಾಯಿ ಹೆಲೆನಾ ಹೆದರಿದ್ದಳು. ಸುನ್ನತಿಯಿಲ್ಲದೆಯೂ ದೇವರನ್ನು ಆರಾಧಿಸಬಹುದೆಂದು, ಅರಸನಿಗೆ ಆ ಧರ್ಮವನ್ನು ಬೋಧಿಸಿದ್ದ ಯೆಹೂದಿ ವರ್ತಕ ಅನನೀಯನು ಸಮಾಧಾನ ಹೇಳಿದ್ದನು. ಆದರೆ ಯೆಹೂದಿಗಳ ನಾಡಿನ ಉತ್ತರ ಭಾಗವಾದ ಗಲಿಲಾಯದಿಂದ ಬಂದ ಎಲಿಯಾಜರನೆಂಬ ಯೆಹೂದಿಯು, ಅರಸನು ಮೋಶೆಯ ಧರ್ಮಶಾಸ್ತ್ರವನ್ನು ಓದುತ್ತ ಕುಳಿತಿದ್ದುದನ್ನು ಕಂಡು, ಓದಿದರಷ್ಟೇ ಸಾಲದು, ಅದರಂತೆ ನಡೆಯಬೇಕೆಂದು ಗದರಿಸಿದನು. ಇಜಾಟೀಸನು ಕೂಡಲೇ ಬೇರೆ ಕೋಣೆಗೆ ಹೋಗಿ ವೈದ್ಯನನ್ನು ಕರೆಸಿ ಸುನ್ನತಿ ಮಾಡಿಸಿಕೊಂಡನು. ಮುಂದೆ ಅವನ ಗಣ್ಯರೇ ಅರಬ್ ದೊರೆಯೊಬ್ಬನನ್ನೂ ಪಾರ್ಥಿಯದ ಚಕ್ರವರ್ತಿಯನ್ನೂ ಅವನ ಮೇಲೆ ಎತ್ತಿಕಟ್ಟಿದರು. ಲಾಭದ ಲೆಕ್ಕ ಹಾಕುವವನು ಇಂತಹ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಿರಲಿಲ್ಲ. ಸುಮಾರು ಕ್ರಿ.ಶ. 46ರಲ್ಲಿ ಜೆರುಸಲೇಮ್ ಬರಕ್ಕೆ ತುತ್ತಾದಾಗ ಹೆಲೆನಾ ಅಲೆಕ್ಸಾಂಡ್ರಿಯದಿಂದ ಧಾನ್ಯವನ್ನೂ ಸೈಪ್ರಸ್ಸಿನಿಂದ ಒಣ ಅಂಜೂರವನ್ನೂ ತರಿಸಿ ಹಸಿದವರಿಗೆ ಹಂಚಿದ್ದನ್ನೂ ಇದರ ಜೊತೆಗೇ ಗಮನಿಸಬೇಕು.