ಇಲ್ಲಿ ಪೂಜೆಗೆ ಎಬ್ಬಿಸುವವರು ಯಾರೂ ಇಲ್ಲ

ಈ ದೇಶಕ್ಕೆ ಬಂದು ಎರಡು ತಿಂಗಳಾಯಿತು, ಮನೆಯಲ್ಲಿದ್ದಾಗ ಭಾನುವಾರ ಅಮ್ಮ ಎಬ್ಬಿಸಿ ಚರ್ಚಿನ ಪೂಜೆಗೆ ಕಳಿಸುತ್ತಿದ್ದರು, ಇಲ್ಲಿ ಕೇಳುವವರೇ ಇಲ್ಲ, ಹೀಗೇ ಆದರೆ ನಂಬಿಕೆ ಉಳಿಯುತ್ತದಾ ಅಂತ ಕೇಳಿದ್ದೀರಿ. ನಾನು ಬಂದು ಹನ್ನೊಂದು ವರ್ಷ. ನೋಡಿ, ಯಾರೂ ಕೂತು ಯೋಚನೆ ಮಾಡಿ ದೇವರನ್ನು ಬಿಡುವುದಿಲ್ಲ. ಒಂದು ಭಾನುವಾರ ಸುಸ್ತು, ಮುಂದಿನ ಭಾನುವಾರ ಬಟ್ಟೆ ಒಗೆಯುವುದು, ಅದರ ಮುಂದಿನ ವಾರ ಮಳೆ. ನನಗೆ ಹಾಗೇ ನಾಲ್ಕು ತಿಂಗಳು ಹೋಯಿತು, ಗೊತ್ತೇ ಆಗಲಿಲ್ಲ.

ಮೊದಲು ಮನೆ ಹತ್ತಿರದ ಚರ್ಚಿಗೆ ಹೋಗಿ ಹೆಸರು ಬರೆಸಿ. ಸುಮ್ನೆ ನೆಂಟರ ಹಾಗೆ ಹಿಂದಿನ ಬೆಂಚಲ್ಲಿ ಕೂತು ಎದ್ದು ಬರಬೇಡಿ. ನಮ್ಮ ಕಥೋಲಿಕ ಧರ್ಮಸಭೆಯ ಕಾನೂನಿನ ಪ್ರಕಾರ, ಮೂರು ತಿಂಗಳಾದರೂ ಇರುತ್ತೇನೆ ಅಂತ ಬಂದು ನೆಲೆಸಿದರೆ ಆ ಧರ್ಮಕೇಂದ್ರ, ಅಂದರೆ ಆ ಪ್ರದೇಶದ ಚರ್ಚು, ನಿಮ್ಮದೇ. ನಾನು ಎರಡು ವರ್ಷ ನಮ್ಮವರೇ ಸೇರುವ ಚರ್ಚು ಬೇಕು ಅಂತ ಎರಡು ಬಸ್ ಬದಲಿಸಿ ಹೋಗುತ್ತಿದ್ದೆ. ಬಸ್ ತಪ್ಪಿದ ದಿನ ಪೂಜೆಯೂ ತಪ್ಪುತ್ತಿತ್ತು. ಅಲ್ಲಿಗೂ ಆಗಾಗ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನಿಮಗೆ ಜ್ವರ ಬಂದಾಗ ನಡೆದುಕೊಂಡು ಬಂದು ಬಾಗಿಲು ತಟ್ಟುವವರು ಪಕ್ಕದ ಬೀದಿಯವರು, ಅಲ್ವಾ?

ಶಿಫ್ಟ್ ಕೆಲಸ ಎಂದಿದ್ದೀರಿ. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಲೆಕ್ಕಕ್ಕೆ ಸಾಕು. ಅದೂ ಆಗದ ವಾರ ಫಾದರ್ ಹತ್ತಿರ ಹೇಳಿ, ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ನಿಮ್ಮಷ್ಟಕ್ಕೆ ನೀವೇ ವಿನಾಯಿತಿ ಕೊಟ್ಟುಕೊಳ್ಳಬೇಡಿ, ನಾನು ಜಾರಿದ್ದು ಅಲ್ಲೇ.

ಭಾಷೆ ಅರ್ಥವಾಗುವುದಿಲ್ಲ ಎಂಬ ಚಿಂತೆ ಬಿಡಿ. ಭಾನುವಾರ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ, ನಮ್ಮ ಲ್ಯಾಟಿನ್ ವಿಧಿಯ ಆರಾಧನಾ ಪದ್ಧತಿಯಲ್ಲಿ ಹೆಚ್ಚುಕಡಿಮೆ ಎಲ್ಲ ದೇಶದಲ್ಲೂ ಅವೇ. ಶನಿವಾರ ರಾತ್ರಿ ಕನ್ನಡದಲ್ಲಿ ಓದಿಕೊಂಡು ಹೋದರೆ ಮರುದಿನ ಮಾತು ತಿಳಿಯದಿದ್ದರೂ ಯೇಸು ಹೇಳಿದ ಕಥೆಯ ದುಂದುಗಾರ ಮಗ ಎಲ್ಲಿಗೆ ಬಂದ, ಅಪ್ಪ ಯಾವಾಗ ಓಡಿದ ಅಂತ ಗೊತ್ತಾಗುತ್ತದೆ. ಮೊದಲ ದಿನ ಎಲ್ಲರೂ ಅವರ ಭಾಷೆಯಲ್ಲಿ ಹೇಳುತ್ತಿದ್ದಾಗ ನಾನು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಮೆಲ್ಲಗೆ ಶುರು ಮಾಡಿದೆ. ಅವರದು ಮುಗಿದು ಚರ್ಚು ಮೌನವಾಯಿತು, ನನ್ನದು ಇನ್ನೂ ಅರ್ಧ ಸಾಲು ಬಾಕಿ. ಪಕ್ಕದ ಅಜ್ಜಿ ತಿರುಗಿ ನೋಡಿ ನಕ್ಕರು. ಈಗಲೂ ಅವರ ಪಕ್ಕದಲ್ಲೇ ಕೂರುತ್ತೇನೆ.

ಪಾಪನಿವೇದನೆ, ಅಂದರೆ ಫಾದರ್ ಮುಂದೆ ಪಾಪಗಳನ್ನು ಹೇಳಿಕೊಳ್ಳುವುದು, ಕಷ್ಟವೇ. ಆ ನಾಲ್ಕು ತಿಂಗಳ ನಂತರ ನಾನು ಪಾಪಗಳನ್ನೆಲ್ಲ ಇಲ್ಲಿನ ಭಾಷೆಗೆ ಮಾಡಿಕೊಂಡು, ಕೈಯಲ್ಲಿ ಒದ್ದೆಯಾದ ಚೀಟಿ ಹಿಡಿದು ಹೋಗಿದ್ದೆ. ಪಾಪಕ್ಕಿಂತ ವ್ಯಾಕರಣದ ಭಯವೇ ಜಾಸ್ತಿ! ಮೂರನೇ ಸಾಲಿಗೆ ತಡವರಿಸಿದಾಗ ಫಾದರ್ 'ನಿಧಾನ, ದೇವರಿಗೆ ಅರ್ಥವಾಗಿದೆ' ಎಂದರು. ಪ್ರಾಯಶ್ಚಿತ್ತಕ್ಕೆ ಮಾತೆ ಮರಿಯಳ ಪ್ರಾರ್ಥನೆ ಒಂದೇ ಒಂದು ನಮೋ ಮರಿಯಾ, ಅದೂ ನನ್ನ ಭಾಷೆಯಲ್ಲಿ.

ವಾರದ ಉಳಿದ ಆರು ದಿನವೇ ನಿಜವಾದ ಪರೀಕ್ಷೆ. ಮಧ್ಯಾಹ್ನ ಹನ್ನೆರಡಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೇಳುವ ತ್ರಿಕಾಲ ಪ್ರಾರ್ಥನೆಗೆ. ಎರಡು ನಿಮಿಷವೂ ಬೇಡ, ಲಿಫ್ಟಿನಲ್ಲೂ ಮುಗಿಯುತ್ತದೆ. ಶುಕ್ರವಾರ ಮಾಂಸ ಬಿಡಬೇಕೋ, ಬೇರೆ ತ್ಯಾಗ ಮಾಡಬಹುದೋ ಎನ್ನುವುದು ಆಯಾ ದೇಶದ ಧರ್ಮಾಧ್ಯಕ್ಷರ ನಿರ್ಧಾರ, ಇಲ್ಲಿನದನ್ನು ಕೇಳಿಕೊಳ್ಳಿ. ಕೆಲಸದ ಜಾಗದಲ್ಲಿ ಉಪದೇಶ ಮಾಡಲು ಹೋಗಬೇಡಿ, ಯಾರಿಗೂ ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ. ಮಾಡದ ಓವರ್‌ಟೈಮ್ ಬರೆಯಬೇಡಿ, ಅಲ್ಲಿ ಇಲ್ಲದವರ ಬಗ್ಗೆ ಹರಟೆ ಶುರುವಾದರೆ ನೀರು ಕುಡಿಯಲು ಎದ್ದು ಹೋಗಿ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬುವವರಿದ್ದರು. ಅವರಿಗೆ ಅಡುಗೆಮನೆ ಕೆಲಸ ಕಂಡರೆ ಆಗುತ್ತಿರಲಿಲ್ಲ, ಸಿಕ್ಕಿದ್ದು ಅದೇ. ಅಲ್ಲೇ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ರಾತ್ರಿ ಪಾಳಿಯಲ್ಲಿ ನನಗೆ ಬೇರೆ ಸಂತರಿಗಿಂತ ಇವರೇ ಹೆಚ್ಚು ನೆನಪಾಗುತ್ತಾರೆ, ಇವರನ್ನು ಯಾರೂ ಸಂತರೆಂದು ಘೋಷಿಸಿಲ್ಲದಿದ್ದರೂ.

ಈ ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲ ಹತ್ತಿರ ಫಾದರ್ ಸಿಕ್ಕರೆ ಕೈ ಕುಲುಕಿ ನಿಮ್ಮ ಹೆಸರು ಹೇಳಿ. ತಪ್ಪಾಗಿ ಕರೆಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಹನ್ನೊಂದು ವರ್ಷವಾದರೂ ನನ್ನದು ಇನ್ನೂ ಸರಿಯಾಗಿಲ್ಲ.